ಮಲೇರಿಯಾ ಪರಾವಲಂಬಿಯನ್ನು ರಕ್ತದಿಂದ ಬೇರ್ಪಡಿಸುವುದು: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ, ವಿರಾಜಪೇಟೆ, ಕುಶಾಲನಗರ ಕಡೆಯ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನ ವಿದ್ಯಾರ್ಥಿಗಳು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಗೆಳೆಯರು, ಒಮ್ಮೊಮ್ಮೆ ಕಾಫಿ ತೋಟದವರೂ ಕೇಳಿದ ಪ್ರಶ್ನೆಗಳು ಇವು. ನಾನು ಮೊದಲು ಒಂದು ಸಣ್ಣ ಲ್ಯಾಬಿನಲ್ಲಿ ಸ್ಲೈಡ್ ಓದುತ್ತಿದ್ದವನು, ಆಮೇಲೆ ಪರಾವಲಂಬಿಯನ್ನು ಬೇರ್ಪಡಿಸುವ ಕೆಲಸ ಕಲಿತವನು. ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನೆಲ್ಲ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಸ್ಲೈಡಿನಲ್ಲೇ ಕಾಣುತ್ತದಲ್ಲ, ಬೇರ್ಪಡಿಸುವ ಗೋಜು ಏಕೆ?

ಜ್ವರ ಮಲೇರಿಯಾದ್ದೋ ಅಲ್ಲವೋ ಎಂದು ತಿಳಿಯಲು ಬೇರ್ಪಡಿಸಬೇಕಾಗಿಲ್ಲ. ಸ್ಲೈಡ್ ಸಾಕು. ಮೈಕ್ರೋಸ್ಕೋಪ್ ಇಲ್ಲದ ಕಡೆ ರ‍್ಯಾಪಿಡ್ ಕಿಟ್ ಸಾಕು. ಚಿಕಿತ್ಸೆ ಶುರುವಾಗುವುದು ಅಷ್ಟರಿಂದಲೇ, ಶುರುವಾಗಬೇಕಾದದ್ದೂ ಅಷ್ಟರಿಂದಲೇ.

ಬೇರ್ಪಡಿಸುವುದು ಅದರ ಮುಂದಿನ ಪ್ರಶ್ನೆಗಳಿಗಾಗಿ. ಈ ಪರಾವಲಂಬಿಗೆ ನಾವು ಕೊಡುವ ಔಷಧ ಇನ್ನೂ ನಾಟುತ್ತಿದೆಯೇ? ಕಿಟ್ ಹಿಡಿಯುವ ಎಚ್‌ಆರ್‌ಪಿ-2 ಎಂಬ ಪ್ರೋಟೀನಿನ ಜೀನ್ ಅದರಲ್ಲಿ ಉಳಿದಿದೆಯೇ, ಕಳಚಿಹೋಗಿದೆಯೇ? ಕಳಚಿದ್ದರೆ ರೋಗ ಇದ್ದರೂ ಕಿಟ್ 'ಇಲ್ಲ' ಎನ್ನಬಹುದು. ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಕಂಡ ಜ್ವರ ಬೇರೆ ರಾಜ್ಯದಲ್ಲಿ ಹತ್ತಿದ್ದೋ, ನಮ್ಮ ತೊರೆ ಬದಿಯ ಸೊಳ್ಳೆಯಿಂದ ಬಂದದ್ದೋ? ಎರಡನೆಯದಾದರೆ ಕೆಲಸವಾಗಬೇಕಾದದ್ದು ತೊರೆಯ ಹತ್ತಿರ, ಕೆಲಸಗಾರರನ್ನು ಬೈಯುವುದರಿಂದ ಏನೂ ಆಗದು. ಇಂಥವಕ್ಕೆ ಉತ್ತರ ಬೇಕಾದರೆ ಪರಾವಲಂಬಿಯ ಡಿಎನ್‌ಎ, ಪ್ರೋಟೀನ್ ಅಥವಾ ಜೀವಂತ ಪರಾವಲಂಬಿಯೇ ಕೈಗೆ ಸಿಗಬೇಕು. ಮನುಷ್ಯನದು ಆದಷ್ಟು ಕಡಿಮೆ ಬೆರೆತಿರಬೇಕು.

ಪರಾವಲಂಬಿ ರಕ್ತದಲ್ಲಿ ತೇಲಾಡುತ್ತಿರುತ್ತದೆಯೇ? ಹಾಗಿದ್ದರೆ ಸೋಸಿಬಿಡಬಹುದಲ್ಲ?

ತೇಲಾಡುವುದಿಲ್ಲ, ಕಷ್ಟ ಇರುವುದೇ ಅಲ್ಲಿ. ಅದು ಕೆಂಪು ರಕ್ತಕಣದ ಒಳಗೆ ಮನೆ ಮಾಡಿಕೊಂಡಿರುತ್ತದೆ. ಒಂದು ಕಣದಿಂದ ಒಡೆದು ಬಂದ ಮರಿಗಳು ಇನ್ನೊಂದು ಕಣಕ್ಕೆ ನುಗ್ಗುವ ಮಧ್ಯೆ ಕೆಲವೇ ನಿಮಿಷ ಹೊರಗಿರುತ್ತವೆ, ಅಷ್ಟೇ. ಮಲೇರಿಯಾ ಪರಾವಲಂಬಿಯ ಎರಡು ಮುಖ್ಯ ಜಾತಿಗಳಾದ ಫಾಲ್ಸಿಪಾರಂ, ವೈವ್ಯಾಕ್ಸ್ ಎರಡರಲ್ಲೂ ಈ ಸುತ್ತು ಸುಮಾರು 48 ಗಂಟೆಯದು. ಮೊದಲು ಉಂಗುರದ ಆಕಾರ, ಆಮೇಲೆ ಕಣದ ಹೀಮೊಗ್ಲೋಬಿನ್ ತಿಂದು ದಪ್ಪಗಾಗುವ ಟ್ರೋಫೊಜೊಯಿಟ್, ಕೊನೆಗೆ ಮರಿಗಳು ತುಂಬಿಕೊಂಡ ಸ್ಕೈಜಾಂಟ್. ಕಣ ಒಡೆದಾಗ ನಡುಕ, ಜ್ವರ.

ಒಂದು ಮೈಕ್ರೋಲೀಟರ್ ರಕ್ತದಲ್ಲಿ ಕೆಂಪು ಕಣಗಳೇ ಸುಮಾರು 50 ಲಕ್ಷ. ಅದರಲ್ಲಿ 5,000 ಪರಾವಲಂಬಿ ಇದ್ದರೆ ಸಾವಿರ ಕಣಕ್ಕೆ ಒಂದರಲ್ಲಿ ಮಾತ್ರ ರೋಗವಿದೆ ಎಂದಾಯಿತು. ಉಳಿದ 999ರ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ, ಹಾಗಾಗಿ ಜರಡಿ ಹಿಡಿದರೆ ಕೆಲಸ ಆಗುವುದಿಲ್ಲ. ರೋಗದ ಕಣ ಉಳಿದವಕ್ಕಿಂತ ಯಾವುದರಲ್ಲಿ ಬೇರೆ ಎಂದು ಹುಡುಕಬೇಕು: ತೂಕದಲ್ಲೋ, ಕಬ್ಬಿಣದಲ್ಲೋ, ಪೊರೆಯಲ್ಲೋ. ಮುಂದೆ ಹೇಳುವ ಪ್ರತಿಯೊಂದು ವಿಧಾನವೂ ಇಂಥ ಒಂದು ವ್ಯತ್ಯಾಸವನ್ನು ಹಿಡಿದುಕೊಂಡದ್ದು. ಆ ವ್ಯತ್ಯಾಸ ಪರಾವಲಂಬಿಯ ವಯಸ್ಸಿನೊಂದಿಗೆ ಬದಲಾಗುತ್ತದೆ. ಆದ್ದರಿಂದ 'ಯಾವ ವಿಧಾನ ಒಳ್ಳೆಯದು' ಎಂದು ನನ್ನನ್ನು ಕೇಳುವ ಮೊದಲು ನಿಮ್ಮ ಸ್ಯಾಂಪಲ್‌ನಲ್ಲಿರುವುದು ಯಾವ ಹಂತ ಎಂದು ಸ್ಲೈಡ್ ನೋಡಿಕೊಳ್ಳಿ.

ನಮ್ಮ ಆರೋಗ್ಯ ಕೇಂದ್ರದಲ್ಲಿ ಸೆಂಟ್ರಿಫ್ಯೂಜ್ (ಟ್ಯೂಬನ್ನು ರಭಸದಿಂದ ತಿರುಗಿಸುವ ಯಂತ್ರ) ಇಲ್ಲ. ಹಾಗಾದರೆ ಬೇರ್ಪಡಿಸುವ ಕೆಲಸ ನಮಗೆ ಸಂಬಂಧವೇ ಇಲ್ಲವೇ?

ಇದೆ. ನೀವು ದಿನಾ ಮಾಡುವ ದಪ್ಪ ರಕ್ತ ಲೇಪನವೇ ಒಂದು ಬೇರ್ಪಡಿಸುವಿಕೆ. ತೆಳು ಲೇಪನವನ್ನು ಮೆಥನಾಲ್‌ನಲ್ಲಿ ಅದ್ದುತ್ತೇವೆ, ಕಣಗಳು ಹಾಗೇ ಉಳಿಯುತ್ತವೆ. ದಪ್ಪ ಲೇಪನವನ್ನು ಅದ್ದುವುದಿಲ್ಲ. ಬಣ್ಣದ ನೀರು ತಗುಲುತ್ತಿದ್ದಂತೆ ಕೆಂಪು ಕಣ ಒಡೆದು ಹೀಮೊಗ್ಲೋಬಿನ್ ಕರಗಿ ಹೋಗುತ್ತದೆ. ಗಾಜಿಗೆ ಅಂಟಿಕೊಂಡು ಉಳಿಯುವುದು ಪರಾವಲಂಬಿ, ಬಿಳಿ ಕಣ, ಪ್ಲೇಟ್‌ಲೆಟ್. ಒಂದರ ಮೇಲೊಂದು ಹತ್ತಾರು ಪದರ ಇದ್ದ ರಕ್ತದ ಮೂಲಕ ಈಗ ಬೆಳಕು ಹಾಯುತ್ತದೆ. ಅನುಭವವಿರುವ ಕಣ್ಣು ಮೈಕ್ರೋಲೀಟರಿಗೆ 50ರಷ್ಟು ಪರಾವಲಂಬಿ ಇದ್ದರೂ ಹಿಡಿಯುತ್ತದೆ ಎಂದರೆ ಅದಕ್ಕೆ ಕಾರಣ ಈ ಸರಳ ಉಪಾಯ. ಜೀಮ್ಸಾ ಆಗಲಿ, 1944ರಲ್ಲಿ ನಮ್ಮ ದೇಶದಲ್ಲೇ ಜಸ್ವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ ರೂಪಿಸಿದ ಜೆಎಸ್‌ಬಿ ಬಣ್ಣವಾಗಲಿ, ದಪ್ಪ ಲೇಪನದಲ್ಲಿ ನಡೆಯುವುದು ಇದೇ.

ಕೊಡಗಿನ ಮಳೆಗಾಲದಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೇಪನ ಒಣಗುವುದೇ ಇಲ್ಲ. ಮೇಲೆ ಒಣಗಿದಂತೆ ಕಂಡರೂ ನಡುವೆ ಹಸಿ ಇರುತ್ತದೆ, ಬಣ್ಣಕ್ಕೆ ಇಟ್ಟ ಕೂಡಲೇ ಇಡೀ ಹನಿ ಚಕ್ಕೆಯಂತೆ ಎದ್ದು ಹೋಗುತ್ತದೆ. ಬೇಗ ಆಗಲಿ ಎಂದು ಒಲೆಯ ಹತ್ತಿರ ಹಿಡಿದರೆ ಇನ್ನೂ ಕೆಟ್ಟದ್ದು: ಬಿಸಿಗೆ ಹೀಮೊಗ್ಲೋಬಿನ್ ಬೆಂದು ಗಟ್ಟಿಯಾಗಿ, ಆಮೇಲೆ ಎಷ್ಟು ತೊಳೆದರೂ ಬಿಡುವುದಿಲ್ಲ. ನಾನು ಮುಚ್ಚಳವಿರುವ ಮರದ ಪೆಟ್ಟಿಗೆಯಲ್ಲಿ ಸಣ್ಣ ಬಲ್ಬ್ ಉರಿಸಿ, ಬೆಚ್ಚಗೆ ಮಾತ್ರ ಇರುವಂತೆ ನೋಡಿಕೊಂಡು ಸ್ಲೈಡ್ ಮಲಗಿಸಿ ಇಡುತ್ತಿದ್ದೆ. ಅದೇ ಪೆಟ್ಟಿಗೆಯ ಮೇಲಿನ ಗೂಡಿನಲ್ಲಿ ಮೈಕ್ರೋಸ್ಕೋಪಿನ ಲೆನ್ಸ್‌ಗಳು ಸಿಲಿಕಾ ಜೆಲ್ ಜೊತೆ ಇರುತ್ತಿದ್ದವು. ಇಲ್ಲದಿದ್ದರೆ ಆಗಸ್ಟ್ ಹೊತ್ತಿಗೆ ಆಯಿಲ್ ಇಮ್ಮರ್ಷನ್ ಲೆನ್ಸಿನ ಒಳಗೆ ಜೇಡರ ಬಲೆಯಂತೆ ಬೂಸ್ಟು ಹಬ್ಬಿರುತ್ತದೆ. ಒಣಗಿದ ಲೇಪನವನ್ನು ತೆರೆದಿಡಬೇಡಿ, ನೊಣ, ಇರುವೆ, ಜಿರಳೆ ತಿಂದುಬಿಡುತ್ತವೆ. ಹನಿ ಎಷ್ಟು ದಪ್ಪ ಇರಬೇಕು ಎಂಬುದಕ್ಕೆ ಹಳೆಯ ಅಳತೆಯೇ ಸರಿ: ಹಸಿ ಲೇಪನದ ಕೆಳಗೆ ದಿನಪತ್ರಿಕೆ ಹಿಡಿದರೆ ಅಕ್ಷರ ಕಷ್ಟಪಟ್ಟು ಓದುವಂತಿರಬೇಕು.

ಜೀಮ್ಸಾ ಕಲಸಲು ನಲ್ಲಿ ನೀರು, ಬಾವಿ ನೀರು ಬೇಡ. ಪಿಎಚ್ 7.2ರ ಬಫರ್, ಅಂದರೆ ಹುಳಿಯ ಮಟ್ಟ ಬದಲಾಗದ ದ್ರವ, ಬಳಸಿ. ನೀರು ಹುಳಿಯಾದರೆ ಎಲ್ಲವೂ ಕೆಂಪಗಾಗಿ, ವೈವ್ಯಾಕ್ಸ್ ಗುರುತಿಸಲು ನೆರವಾಗುವ ಶುಫ್ನರ್ ಚುಕ್ಕೆಗಳು ಕಾಣುವುದೇ ಇಲ್ಲ.

ನಡುಕ ಬಂದಾಗಲೇ ರಕ್ತ ತೆಗೆಯಬೇಕೇ?

ಬೇಡ. ಜ್ವರದ ಅನುಮಾನ ಬಂದ ಕೂಡಲೇ, ಹಗಲಾಗಲಿ ರಾತ್ರಿಯಾಗಲಿ ತೆಗೆಯಿರಿ. ರಾತ್ರಿ ರಕ್ತ ಎಂಬುದು ಆನೆಕಾಲು ರೋಗದ ಮಾತು.

ಸಂಶೋಧನೆಗೆ ಕಳಿಸುವ ರಕ್ತವನ್ನು ಯಾವ ಟ್ಯೂಬಿನಲ್ಲಿ, ಎಷ್ಟು ಹೊತ್ತು ಇಡಬಹುದು?

ಬರೀ ಡಿಎನ್‌ಎ ಸಾಕಾದರೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್, ತಣ್ಣಗೆ. ಪರಾವಲಂಬಿಯನ್ನು ಜೀವಂತ ಬೆಳೆಸುವುದಾದರೆ ಹೆಪಾರಿನ್ ಟ್ಯೂಬ್ ವಾಸಿ, ಏಕೆಂದರೆ ಇಡಿಟಿಎ ಕ್ಯಾಲ್ಸಿಯಂ ಹಿಡಿದುಕೊಂಡುಬಿಡುತ್ತದೆ. ಹೊತ್ತಿನ ವಿಷಯದಲ್ಲಿ ನಾನು ಬಿಗಿ: ಆರು ಗಂಟೆಯೊಳಗೆ ಮೊದಲ ಹಂತ ಮುಗಿಯಬೇಕು. ತಡವಾದಷ್ಟೂ ಬಿಳಿ ಕಣಗಳು ಒಡೆದು ಅವುಗಳ ಡಿಎನ್‌ಎ ಹೊರಗೆ ಚೆಲ್ಲುತ್ತದೆ. ಒಮ್ಮೆ ಚೆಲ್ಲಿದ್ದನ್ನು ಯಾವ ಫಿಲ್ಟರೂ ಹಿಡಿಯುವುದಿಲ್ಲ. ಮಡಿಕೇರಿಯಿಂದ ಮಂಗಳೂರಿಗೆ ಒಳ್ಳೆಯ ದಿನದಲ್ಲಿ ಇದು ಆಗುವ ಮಾತು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಸಂಪಾಜೆ ಘಾಟಿ ರಸ್ತೆ ಕಡಿದುಹೋದದ್ದನ್ನು ಕಂಡವರಿಗೆ ಗೊತ್ತು, ರಸ್ತೆಯನ್ನು ನಂಬಿ ಪ್ರಯೋಗ ಹಾಕಿಕೊಳ್ಳಬಾರದು. ಬಿಳಿ ಕಣ ತೆಗೆಯುವ ಕೆಲಸವನ್ನಾದರೂ ಇಲ್ಲೇ ಮುಗಿಸಿ ಕಳಿಸಿ.

ಬಿಳಿ ಕಣ ತೆಗೆಯಬೇಕು ಎಂದು ಇಷ್ಟು ಒತ್ತಿ ಹೇಳುವುದೇಕೆ? ಅವು ಕೆಂಪು ಕಣಕ್ಕಿಂತ ಎಷ್ಟೋ ಕಡಿಮೆ ಇರುತ್ತವಲ್ಲ?

ಎಣಿಕೆಯಲ್ಲಿ ಕಡಿಮೆ, ಡಿಎನ್‌ಎಯಲ್ಲಿ ದೈತ್ಯರು. ಮನುಷ್ಯನ ಕೆಂಪು ಕಣದಲ್ಲಿ ನ್ಯೂಕ್ಲಿಯಸ್ ಇಲ್ಲ, ಆದ್ದರಿಂದ ಡಿಎನ್‌ಎಯೂ ಇಲ್ಲ. ಬಿಳಿ ಕಣದಲ್ಲಿ ಡಿಎನ್‌ಎಯ ಸುಮಾರು 640 ಕೋಟಿ ಅಕ್ಷರಗಳಿವೆ. ಫಾಲ್ಸಿಪಾರಂನ ಜೀನೋಮ್ ಇಡೀ ಸೇರಿ 2.3 ಕೋಟಿ. ಒಂದು ಬಿಳಿ ಕಣ ಎಂದರೆ ಸುಮಾರು 280 ಪರಾವಲಂಬಿಗೆ ಸಮ.

ಲೆಕ್ಕ ಹಾಕಿ ನೋಡಿ. ಮೈಕ್ರೋಲೀಟರಿಗೆ 7,000 ಬಿಳಿ ಕಣ, 5,000 ಪರಾವಲಂಬಿ ಇರುವ ರಕ್ತದಿಂದ ನೇರವಾಗಿ ಡಿಎನ್‌ಎ ತೆಗೆದರೆ ಓದಿದ ಸಾವಿರ ಅಕ್ಷರದಲ್ಲಿ ಎರಡೋ ಮೂರೋ ಮಾತ್ರ ಪರಾವಲಂಬಿಯದು. ನೂರರಲ್ಲಿ 99 ಬಿಳಿ ಕಣ ತೆಗೆದುಹಾಕಿದರೆ ಅದೇ ಪಾಲು ಐದರಲ್ಲಿ ಒಂದಕ್ಕೆ ಏರುತ್ತದೆ. ಡಿಎನ್‌ಎ ಓದಿಸುವ ಸೀಕ್ವೆನ್ಸಿಂಗ್‌ಗೆ ಹಾಕುವ ಹಣ ಅಷ್ಟೇ, ಸಿಗುವ ಫಲ ಸುಮಾರು ಎಂಬತ್ತು ಪಟ್ಟು.

ತೆಗೆಯುವ ದಾರಿ ಹಲವು. ರಕ್ತವನ್ನು ಸೆಂಟ್ರಿಫ್ಯೂಜ್ ಮಾಡಿದಾಗ ಪ್ಲಾಸ್ಮಾ ಮತ್ತು ಕೆಂಪು ಕಣದ ನಡುವೆ ಹಾಲಿನ ಕೆನೆಯಂತೆ ಬಿಳಿ ಪದರ ಕಟ್ಟುತ್ತದೆ, ಅದನ್ನು ಪಿಪೆಟ್‌ನಿಂದ ಎತ್ತುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಅರೆಬರೆ. ಫೈಕಾಲ್ ಎಂಬ ಸಾಂದ್ರ ದ್ರವದ ಮೇಲೆ ತಿರುಗಿಸಿದರೆ ಲಿಂಫೋಸೈಟ್, ಮೊನೊಸೈಟ್ ಎಂಬ ಬಿಳಿ ಕಣಗಳು ಹೋಗುತ್ತವೆ, ಆದರೆ ಗ್ರ್ಯಾನ್ಯುಲೊಸೈಟ್‌ಗಳು ಕೆಂಪು ಕಣದ ಜೊತೆ ತಳಕ್ಕೆ ಇಳಿದುಬಿಡುತ್ತವೆ. ಬಿಳಿ ಕಣದಲ್ಲಿ ಹೆಚ್ಚಿನ ಪಾಲು ಅವೇ ಆದ್ದರಿಂದ ಫೈಕಾಲ್ ಒಂದನ್ನೇ ನಂಬಬೇಡಿ. ನನಗೆ ಹೆಚ್ಚು ಇಷ್ಟವಾದದ್ದು ಸೆಲ್ಯುಲೋಸ್ ಕಾಲಂ. ಸಿರಿಂಜಿನ ತಳಕ್ಕೆ ಸೋಸು ಕಾಗದದ ಬಿಲ್ಲೆ ಇಟ್ಟು, ಸೆಲ್ಯುಲೋಸ್ ಪುಡಿ ತುಂಬಿ, ಬಫರ್‌ನಿಂದ ನೆನೆಸಿ, ರಕ್ತ ಬಿಡಬೇಕು. ಬಿಳಿ ಕಣಗಳು ನಾರಿಗೆ ಅಂಟಿಕೊಳ್ಳುತ್ತವೆ, ಕೆಂಪು ಕಣಗಳು ಜಾರಿ ಕೆಳಗಿಳಿಯುತ್ತವೆ. ಕರೆಂಟ್ ಬೇಕಿಲ್ಲ. ಮೂರು ದಿನ ಕರೆಂಟ್ ಇಲ್ಲದ ಊರಿನಲ್ಲೂ ಮಾಡಬಹುದು, ಮಾಡಿದ್ದೇನೆ. ಸಿದ್ಧ ಫಿಲ್ಟರ್‌ಗಳೂ ಸಿಗುತ್ತವೆ, ಬೆಲೆ ಜಾಸ್ತಿ.

ಪರ್ಕಾಲ್ ಎಂದರೇನು? ತೂಕ ನೋಡಿ ಬೇರ್ಪಡಿಸುವುದು ಹೇಗೆ?

ಗದ್ದೆ ಮಾಡುವವರಿಗೆ ಇದನ್ನು ವಿವರಿಸುವುದು ಸುಲಭ. ಬಿತ್ತನೆ ಬತ್ತ ಆರಿಸಲು ನೀರಿಗೆ ಉಪ್ಪು ಹಾಕುತ್ತಾ, ಕೋಳಿಮೊಟ್ಟೆ ತೇಲುವವರೆಗೆ ಕದಡುತ್ತಾರೆ. ಆಮೇಲೆ ಬತ್ತ ಸುರಿದರೆ ಜೊಳ್ಳು ಮೇಲೆ, ಗಟ್ಟಿ ಕಾಳು ತಳದಲ್ಲಿ. ಪರ್ಕಾಲ್ ಈ ಉಪ್ಪುನೀರಿನ ಕೆಲಸವನ್ನೇ ಮಾಡುತ್ತದೆ. ಅತಿ ಸಣ್ಣ ಸಿಲಿಕಾ ಕಣಗಳಿಗೆ ಲೇಪ ಕೊಟ್ಟು ತಯಾರಿಸಿದ ದ್ರವ ಅದು. ಎಷ್ಟು ಬೇಕೋ ಅಷ್ಟು ಸಾಂದ್ರತೆಗೆ ಕಲಸಿಕೊಳ್ಳಬಹುದು, ಉಪ್ಪಿನಂತೆ ಕಣವನ್ನು ಸುಕ್ಕುಗಟ್ಟಿಸುವುದಿಲ್ಲ.

ಬೆಳೆದ ಪರಾವಲಂಬಿ ಇರುವ ಕಣ ಜೊಳ್ಳಿನಂತೆ ಹಗುರ. ಭಾರವಾದ ಹೀಮೊಗ್ಲೋಬಿನನ್ನು ಒಳಗಿನದು ತಿಂದಿರುತ್ತದೆ, ಪೊರೆ ಸಡಿಲವಾಗಿ ನೀರೂ ಸೇರಿರುತ್ತದೆ. ಆರೋಗ್ಯವಂತ ಕಣ ಮತ್ತು ಉಂಗುರ ಹಂತದ ಕಣ ಎರಡೂ ಭಾರ, ಅವುಗಳ ನಡುವೆ ಹೆಚ್ಚು ವ್ಯತ್ಯಾಸವಿಲ್ಲ.

ಮಾಡುವುದು ಹೀಗೆ. ಒಂಬತ್ತು ಪಾಲು ಪರ್ಕಾಲ್‌ಗೆ ಒಂದು ಪಾಲು ಹತ್ತು ಪಟ್ಟು ಗಾಢತೆಯ ಪಿಬಿಎಸ್ (ಫಾಸ್ಫೇಟ್ ಬೆರೆತ ಉಪ್ಪುನೀರಿನ ಬಫರ್) ಸೇರಿಸಿ ಮೂಲ ದ್ರವ ಮಾಡಿಕೊಳ್ಳಿ. ಅದನ್ನು ಕಲ್ಚರ್ ಮಾಧ್ಯಮದಿಂದ (ಪರಾವಲಂಬಿ ಬೆಳೆಸುವ ಪೋಷಕ ದ್ರವ) ಸುಮಾರು 65 ಪ್ರತಿಶತಕ್ಕೆ ಇಳಿಸಿ. ಟ್ಯೂಬಿಗೆ ಹಾಕಿ, ಅದರ ಮೇಲೆ ತೊಳೆದ ಕೆಂಪು ಕಣವನ್ನು ಟ್ಯೂಬಿನ ಗೋಡೆಗುಂಟ ಬಿಡಿ, ಕೆಳಗಿನ ದ್ರವ ಅಲುಗಬಾರದು. ಸೆಂಟ್ರಿಫ್ಯೂಜ್‌ನಲ್ಲಿ 1,500 ಜಿ ಬಲದಲ್ಲಿ (ಭೂಮಿಯ ಸೆಳೆತದ 1,500 ಪಟ್ಟು) ಹತ್ತು ಹದಿನೈದು ನಿಮಿಷ. ನಿಂತ ಮೇಲೆ ತಳದಲ್ಲಿ ಕೆಂಪು ಗಟ್ಟಿ, ಎರಡು ದ್ರವ ಕೂಡುವ ಗೆರೆಯಲ್ಲಿ ಕಾಫಿ ಬಣ್ಣದ ತೆಳು ಪಟ್ಟಿ. ಆ ಪಟ್ಟಿಯೇ ಟ್ರೋಫೊಜೊಯಿಟ್ ಮತ್ತು ಸ್ಕೈಜಾಂಟ್‌ಗಳು. ನೋಡಿದವರು ಮರೆಯುವುದಿಲ್ಲ.

ಬ್ರೇಕ್ ಆಫ್ ಮಾಡಿ. ಇದನ್ನು ಬೇರೆ ಸಾಲಿನಲ್ಲೇ ಬರೆಯಬೇಕು. ಕಲಿಯುತ್ತಿದ್ದಾಗ ಒಮ್ಮೆ ನಾನು ಮರೆತೆ. ಯಂತ್ರ ಥಟ್ಟನೆ ನಿಂತಿತು, ಒಳಗಿನ ದ್ರವ ಸುಳಿ ತಿರುಗಿತು, ಪಟ್ಟಿ ಕದಡಿ ಇಡೀ ಟ್ಯೂಬ್ ಒಂದೇ ಕೆಂಪಾಯಿತು. ಲೈನ್ ಮನೆಯ ಒಬ್ಬ ಹೆಣ್ಣುಮಗಳು ಜ್ವರದಲ್ಲಿ ನಡುಗುತ್ತಾ ಕೊಟ್ಟ ರಕ್ತ ಅದು. ಅಷ್ಟರಲ್ಲಿ ಆಕೆಗೆ ಮಾತ್ರೆ ಶುರುವಾಗಿತ್ತು, ಶುರುವಾಗಲೇಬೇಕಿತ್ತು, ಹಾಗಾಗಿ ಮತ್ತೆ ಕೇಳುವಂತೆಯೂ ಇರಲಿಲ್ಲ. ಅಂದಿನಿಂದ ಟ್ಯೂಬ್ ಇಡುವ ಮೊದಲು ಬ್ರೇಕ್ ಗುಂಡಿಯ ಮೇಲೆ ಬೆರಳಿಟ್ಟು ಬಾಯಿಬಿಟ್ಟು ಹೇಳುತ್ತೇನೆ, ಪಕ್ಕದಲ್ಲಿದ್ದವರಿಂದಲೂ ಹೇಳಿಸುತ್ತೇನೆ.

ಆಯಸ್ಕಾಂತದಿಂದ ಹಿಡಿಯುತ್ತಾರಂತೆ, ನಿಜವೇ?

ನಿಜ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಚೆಂದದ ವಿಧಾನವೂ ಇದೇ. ಹೀಮೊಗ್ಲೋಬಿನ್ ತಿಂದಾಗ ಉಳಿಯುವ ಹೀಮ್ ಪರಾವಲಂಬಿಗೇ ವಿಷ. ಅದು ಆ ಹೀಮ್ ಅನ್ನು ಹರಳುಗಟ್ಟಿಸಿ ಮೂಲೆಗೆ ತಳ್ಳುತ್ತದೆ. ಸ್ಲೈಡಿನಲ್ಲಿ ಕಾಣುವ ಕಂದು ಕಪ್ಪು ಚುಕ್ಕೆ, ಹೀಮೊಜೊಯಿನ್, ಅದೇ. ಕ್ಲೋರೋಕ್ವಿನ್ ಈ ಹರಳುಗಟ್ಟುವುದನ್ನು ತಡೆದು ಪರಾವಲಂಬಿಯನ್ನು ಕೊಲ್ಲುತ್ತದೆ. ಆಮ್ಲಜನಕ ತುಂಬಿದ ಸಾಮಾನ್ಯ ಕಣದ ಕಬ್ಬಿಣವನ್ನು ಆಯಸ್ಕಾಂತ ಎಳೆಯುವುದಿಲ್ಲ, ಹೀಮೊಜೊಯಿನ್‌ನ ಕಬ್ಬಿಣವನ್ನು ಸ್ವಲ್ಪ ಎಳೆಯುತ್ತದೆ. ಆ ಸ್ವಲ್ಪವೇ ಸಾಕು. ಉಕ್ಕು ತುಂಬಿದ ಕಾಲಂ ಅನ್ನು ಬಲವಾದ ಆಯಸ್ಕಾಂತದ ನಡುವೆ ನಿಲ್ಲಿಸಿ ರಕ್ತವನ್ನು ತೆಳುಮಾಡಿ ಹನಿ ಹನಿಯಾಗಿ ಬಿಟ್ಟರೆ ಸಾಮಾನ್ಯ ಕಣಗಳು ಇಳಿದು ಹೋಗುತ್ತವೆ, ಹರಳಿರುವವು ನಿಲ್ಲುತ್ತವೆ. ಕಾಲಂ ಅನ್ನು ಆಯಸ್ಕಾಂತದಿಂದ ಎಳೆದು ಬಫರ್ ಬಿಟ್ಟರೆ ಅವು ಹೊರಗೆ ಬರುತ್ತವೆ. ಸಕ್ಕರೆ, ಸಿಲಿಕಾ ಏನೂ ತಗುಲದ ಕಾರಣ ಪರಾವಲಂಬಿ ಜೀವಂತವಾಗಿಯೇ ಸಿಗುತ್ತದೆ. ಸೊಳ್ಳೆಗೆ ದಾಟುವ ಗಂಡು ಹೆಣ್ಣು ಹಂತವಾದ ಗ್ಯಾಮಿಟೋಸೈಟ್ ಹಿಡಿಯಲೂ ಇದು ಒಳ್ಳೆಯದು.

ಬಫರ್‌ನಲ್ಲಿ ಗಾಳಿಗುಳ್ಳೆ ಇದ್ದರೆ ಕಾಲಂ ಕಟ್ಟಿಕೊಳ್ಳುತ್ತದೆ. ಹೀಮೊಜೊಯಿನ್ ನುಂಗಿದ ಮೊನೊಸೈಟ್‌ಗಳೂ ಜೊತೆಗೆ ಬರುತ್ತವೆ, ಆದ್ದರಿಂದ ಬಿಳಿ ಕಣ ಮೊದಲೇ ತೆಗೆದಿರಬೇಕು.

ಸ್ಲೈಡಿನಲ್ಲಿ ತುಂಬಾ ಫಾಲ್ಸಿಪಾರಂ ಇತ್ತು, ಆಯಸ್ಕಾಂತದ ಕಾಲಂಗೆ ಏನೂ ಸಿಗಲಿಲ್ಲ. ಎಲ್ಲಿ ತಪ್ಪಾಯಿತು?

ನಿಮ್ಮ ಕೈಯಲ್ಲಿ ತಪ್ಪಿಲ್ಲ, ಕಾರಣ ರೋಗದ ಸ್ವಭಾವದಲ್ಲಿದೆ. ಬೆಳೆದ ಫಾಲ್ಸಿಪಾರಂ ಇರುವ ಕಣಗಳು ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿ ಕೂರುತ್ತವೆ. ಮಿದುಳಿನಲ್ಲಿ ಹೀಗಾದಾಗಲೇ ರೋಗಿಗೆ ಪ್ರಜ್ಞೆ ತಪ್ಪುವುದು. ತೋಳಿನಿಂದ ತೆಗೆದ ರಕ್ತದಲ್ಲಿ ಸಿಗುವುದು ಉಂಗುರಗಳು, ಕೆಲವೊಮ್ಮೆ ಗ್ಯಾಮಿಟೋಸೈಟ್. ಉಂಗುರದಲ್ಲಿ ಹರಳು ಇನ್ನೂ ಕಟ್ಟಿರುವುದಿಲ್ಲ, ಆಯಸ್ಕಾಂತಕ್ಕೆ ಹಿಡಿಯಲು ಏನೂ ಇಲ್ಲ. ರಕ್ತವನ್ನು ಕಲ್ಚರ್ ಮಾಧ್ಯಮದಲ್ಲಿ 37 ಡಿಗ್ರಿಯಲ್ಲಿ ಒಂದು ದಿನ ಬೆಳೆಸಿ, ಸ್ಲೈಡಿನಲ್ಲಿ ಕಪ್ಪು ಚುಕ್ಕೆ ಕಂಡ ಮೇಲೆ ಕಾಲಂಗೆ ಬಿಡಿ. ವೈವ್ಯಾಕ್ಸ್‌ನಲ್ಲಿ ಎಲ್ಲ ಹಂತಗಳೂ ತೋಳಿನ ರಕ್ತದಲ್ಲೇ ಓಡಾಡುತ್ತವೆ, ಅಲ್ಲಿ ಈ ತೊಂದರೆ ಕಡಿಮೆ.

ಸಾರ್ಬಿಟಾಲ್ ಹಾಕುವುದು ಯಾವುದಕ್ಕೆ?

ವಯಸ್ಸು ಒಂದಾಗಿಸಲು. ಲ್ಯಾಂಬ್ರೋಸ್ ಮತ್ತು ವ್ಯಾಂಡರ್‌ಬರ್ಗ್ 1979ರಲ್ಲಿ ತೋರಿಸಿದ್ದು: 5 ಪ್ರತಿಶತ ಸಾರ್ಬಿಟಾಲ್‌ನಲ್ಲಿ ಹತ್ತು ನಿಮಿಷ ಇಟ್ಟರೆ ಬೆಳೆದ ಪರಾವಲಂಬಿಯ ಕಣಕ್ಕೆ ಸಾರ್ಬಿಟಾಲ್ ನುಗ್ಗಿ, ಹಿಂದೆಯೇ ನೀರೂ ನುಗ್ಗಿ ಕಣ ಒಡೆಯುತ್ತದೆ. ಉಂಗುರಗಳು ಉಳಿಯುತ್ತವೆ. ಪರ್ಕಾಲ್ ದೊಡ್ಡವನ್ನು ಉಳಿಸಿದರೆ ಇದು ಚಿಕ್ಕವನ್ನು ಉಳಿಸುತ್ತದೆ.

ಕಣವನ್ನೂ ತೆಗೆದುಹಾಕಿ ಬರೀ ಪರಾವಲಂಬಿ ಬೇಕಾದರೆ?

ಸಪೋನಿನ್. ಅಂಟುವಾಳ, ಸೀಗೆಕಾಯಿ ನೊರೆ ಬರುವುದು ಇದೇ ಜಾತಿಯ ವಸ್ತುವಿನಿಂದ. ಕೆಂಪು ಕಣದ ಪೊರೆಯಲ್ಲಿ ಕೊಲೆಸ್ಟ್ರಾಲ್ ಹೇರಳವಾಗಿದೆ, ಸಪೋನಿನ್ ಅದನ್ನು ಹಿಡಿದು ತೂತು ಮಾಡುತ್ತದೆ. ಪರಾವಲಂಬಿಯ ಸ್ವಂತ ಪೊರೆಯಲ್ಲಿ ಕೊಲೆಸ್ಟ್ರಾಲ್ ಕಡಿಮೆ, ಅದು ಉಳಿದುಕೊಳ್ಳುತ್ತದೆ. ಮಂಜುಗಡ್ಡೆಯ ಮೇಲೆ 0.1 ಪ್ರತಿಶತದ ಆಸುಪಾಸಿನ ಸಪೋನಿನ್‌ನಲ್ಲಿ ಕೆಲವು ನಿಮಿಷ ಇಟ್ಟರೆ ಮಬ್ಬು ರಕ್ತ ಇದ್ದಕ್ಕಿದ್ದಂತೆ ತಿಳಿಗೆಂಪು ಪಾನಕದಂತಾಗುತ್ತದೆ. ತಿರುಗಿಸಿ, ಮೇಲಿನ ಕೆಂಪನ್ನು ಚೆಲ್ಲಿ, ಬಣ್ಣ ಬಿಡುವುದು ನಿಲ್ಲುವವರೆಗೆ ತೊಳೆದರೆ ತಳದಲ್ಲಿ ಕಪ್ಪು ಕಂದು ಚುಕ್ಕೆಯಷ್ಟು ಉಳಿಯುತ್ತದೆ. ಡಿಎನ್‌ಎಗೂ ಪ್ರೋಟೀನಿಗೂ ಅದು ಸಾಕು. ಮತ್ತೆ ಬೆಳೆಸಲು ಮಾತ್ರ ಆಗದು, ಮನೆಯಿಲ್ಲದ ಪರಾವಲಂಬಿ ಬದುಕುವುದಿಲ್ಲ. ಕಾಲೇಜಿನವರು ಮನೆಯ ಅಂಟುವಾಳದಿಂದ ಮಾಡಬಹುದೇ ಎಂದು ಕೇಳುತ್ತಾರೆ. ಬೇಡ, ಅದರ ಅಳತೆ ಯಾವತ್ತೂ ಒಂದೇ ಇರುವುದಿಲ್ಲ.

ವೈವ್ಯಾಕ್ಸ್ ಬೆಳೆಸಿ ಆಮೇಲೆ ಬೇರ್ಪಡಿಸಬಹುದಲ್ಲ?

ಫಾಲ್ಸಿಪಾರಂ ಆದರೆ ಬಹುದು. 1976ರಲ್ಲಿ ಟ್ರೇಗರ್ ಮತ್ತು ಜೆನ್ಸನ್ ಅದನ್ನು ಗಾಜಿನ ಜಾಡಿಯಲ್ಲಿ ಮೋಂಬತ್ತಿ ಉರಿಸಿ, ಅದು ತಾನೇ ಆರುವಷ್ಟು ಆಮ್ಲಜನಕ ಇಳಿಸಿ, ಎಡೆಬಿಡದೆ ಬೆಳೆಸಿ ತೋರಿಸಿದರು. ವೈವ್ಯಾಕ್ಸ್ ಹಾಗೆ ಒಗ್ಗಿಲ್ಲ. ಅದಕ್ಕೆ ಆಗಷ್ಟೇ ಹುಟ್ಟಿದ ಕೆಂಪು ಕಣ, ರೆಟಿಕ್ಯುಲೊಸೈಟ್ ಬೇಕು, ದೊಡ್ಡವರ ರಕ್ತದಲ್ಲಿ ಅದು ನೂರಕ್ಕೆ ಒಂದೆರಡು ಮಾತ್ರ. ಒಂದು ಸುತ್ತು ಬೆಳೆಯುತ್ತದೆ, ಮುಂದೆ ಸಾಗುವುದಿಲ್ಲ. ನಮ್ಮ ಕರಾವಳಿ ಕಡೆ ಹೆಚ್ಚಾಗಿ ಕಾಣುವುದು ವೈವ್ಯಾಕ್ಸೇ ಆದ್ದರಿಂದ, ಪ್ರತಿ ಸ್ಯಾಂಪಲ್ ಒಂದೇ ಸಲದ ಅವಕಾಶ.

ರೋಗಿಯ ರಕ್ತವನ್ನೇ ಡಯಾಲಿಸಿಸ್‌ನಂತೆ ಸೋಸಿ ರೋಗ ಗುಣಪಡಿಸಬಹುದೇ?

ಮನೆಯಲ್ಲಿ ಯಾರಾದರೂ ಐಸಿಯುನಲ್ಲಿ ಇದ್ದಾಗ ಈ ಪ್ರಶ್ನೆ ಬರುತ್ತದೆ, ಸಂಕಟ ಅರ್ಥವಾಗುತ್ತದೆ. ಆದರೆ ಬೆಳೆದ ಫಾಲ್ಸಿಪಾರಂ ನಾಳದ ಗೋಡೆಗೆ ಅಂಟಿದೆ, ವೈವ್ಯಾಕ್ಸಿನ ಒಂದು ಪಾಲು ಪಿತ್ತಜನಕಾಂಗದಲ್ಲಿ ಮಲಗಿದೆ. ಹೊರಗೆ ತೆಗೆದ ರಕ್ತಕ್ಕೆ ಅವು ಬರುವುದೇ ಇಲ್ಲ. ತೀವ್ರ ಮಲೇರಿಯಾಕ್ಕೆ ಇಂದು ಜೀವ ಉಳಿಸುವುದು ಆರ್ಟೆಸುನೇಟ್ ಇಂಜೆಕ್ಷನ್, ಅದೂ ತಡಮಾಡದೆ ಕೊಟ್ಟದ್ದು. ವೈವ್ಯಾಕ್ಸ್ ಆದವರು ವೈದ್ಯರು ಬರೆದ 14 ದಿನದ ಪ್ರಿಮಾಕ್ವಿನ್ ಅನ್ನು ಜ್ವರ ಬಿಟ್ಟ ಮೂರನೇ ದಿನಕ್ಕೇ ನಿಲ್ಲಿಸಬಾರದು. ಮಲಗಿದ್ದನ್ನು ಕೊಲ್ಲುವುದು ಅದೇ. ಕೊಡುವ ಮೊದಲು ಜಿ6ಪಿಡಿ ಕೊರತೆ (ಇದಿದ್ದವರಿಗೆ ಈ ಮಾತ್ರೆಯಿಂದ ಕೆಂಪು ಕಣ ಒಡೆಯಬಹುದು) ಇದೆಯೇ ಎಂದು ವೈದ್ಯರನ್ನು ಕೇಳಿ.

ಕೆಲಸ ಮಾಡುವಾಗ ನಮಗೆ ಹತ್ತುವ ಅಪಾಯ ಇದೆಯೇ?

ಸೊಳ್ಳೆ ಇಲ್ಲದೆಯೂ ಸೂಜಿ ಚುಚ್ಚಿದರೆ ಮಲೇರಿಯಾ ಹತ್ತಬಹುದು. ಅದೇ ರಕ್ತದಲ್ಲಿ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಇರಬಹುದು. ಕೈಗವಸು ಹಾಕಿ, ಬಾಯಿಂದ ಪಿಪೆಟ್ ಎಳೆಯಬೇಡಿ, ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ, ಚೆಲ್ಲಿದ್ದಕ್ಕೆ 1 ಪ್ರತಿಶತ ಹೈಪೋಕ್ಲೋರೈಟ್ ಸುರಿಯಿರಿ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳದೆ ಈ ಕೆಲಸಕ್ಕೆ ಕೂರಬೇಡಿ.

ಹೇಗೂ ಪರೀಕ್ಷೆಗೆ ರಕ್ತ ತೆಗೆಯುತ್ತೇವಲ್ಲ, ಸಂಶೋಧನೆಗೆ ಎರಡು ಎಂಎಲ್ ಜಾಸ್ತಿ ತೆಗೆದರೆ ಕೇಳಬೇಕೇ?

ಕೇಳಲೇಬೇಕು, ಅವರಿಗೆ ತಿಳಿಯುವ ಭಾಷೆಯಲ್ಲಿ. ತೋಟದಲ್ಲಿ ಅಸ್ಸಾಮಿನವರಿದ್ದಾರೆ, ಜಾರ್ಖಂಡಿನವರಿದ್ದಾರೆ, ಯರವ ಮಾತಾಡುವವರಿದ್ದಾರೆ. ಕನ್ನಡದಲ್ಲಿ ಅಚ್ಚಾದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿದರೆ ಅದು ಒಪ್ಪಿಗೆಯಲ್ಲ. ಮಾಲೀಕರು ಅಥವಾ ತೋಟದ ಗುಮಾಸ್ತರಾದ ರೈಟರ್ 'ಕೊಡ್ತಾರೆ ತಗೊಳ್ಳಿ' ಎಂದರೆ ಅದೂ ಒಪ್ಪಿಗೆಯಲ್ಲ. ನೈತಿಕ ಸಮಿತಿಯ ಅನುಮತಿ ಇರಬೇಕು, ಬೇಡ ಎಂದವರಿಗೂ ಅದೇ ಮಾತ್ರೆ ಅದೇ ಹೊತ್ತಿಗೆ ಸಿಗಬೇಕು. ನಾನು ಒಂದು ಟ್ಯೂಬ್ ಹಿಡಿದು ತೋರಿಸಿ 'ಇಷ್ಟು, ಅರ್ಧ ಚಮಚದಷ್ಟು' ಎನ್ನುತ್ತೇನೆ. ಕೆಲವರು ಬೇಡ ಎನ್ನುತ್ತಾರೆ. ಹೆಚ್ಚಿನವರು ತೋಳು ಚಾಚಿ, ಫಲಿತಾಂಶ ಬಂದ ಮೇಲೆ ನಮಗೂ ಹೇಳಿ ಎನ್ನುತ್ತಾರೆ. ಹೋಗಿ ಹೇಳಿ ಬನ್ನಿ.